ಚಕ್ರಕ್ಕೆ ಮಾಲೀಕರಿಟ್ಟ ಹೆಸರು

ಸ್ಪೋರ್ಟ್ಸ್ ಕಾರು ಕೊಂಡವರು ಎಂಜಿನ್ ವಿಷಯದಲ್ಲಿ ಕಂಪನಿಯ ಮಾತನ್ನು ಸಾಮಾನ್ಯವಾಗಿ ಒಪ್ಪಿಬಿಡುತ್ತಾರೆ. ಚಕ್ರದ ವಿಷಯ ಬಂದರೆ ಮಾತ್ರ ಪ್ರತಿಯೊಬ್ಬರಿಗೂ ತಮ್ಮದೇ ಅಭಿಪ್ರಾಯ. ಜರ್ಮನಿಯ ಪೋರ್ಷೆ ಕಾರುಗಳ ಎರಡು ಚಕ್ರಗಳ ಕಥೆ ನೋಡಿ.

ಮೊದಲನೆಯದು 1966ರಲ್ಲಿ 911 ಎಸ್ ಮಾದರಿಯೊಡನೆ ಬಂತು. ಮಾಡಿಕೊಟ್ಟದ್ದು ಒಟ್ಟೊ ಫುಕ್ಸ್ ಕಾರ್ಖಾನೆ. ಹಾಗಾಗಿ ಅದು ಫುಕ್ಸ್ ಚಕ್ರ. ಹೂವಿನ ಐದು ಎಸಳುಗಳಂತೆ ಕಾಣುವ ಈ ಚಕ್ರ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ, ತೂಕ ಇಳಿಸುವುದಕ್ಕಾಗಿ. ಕಾರಿನ ಮೈಭಾರವನ್ನು ಸ್ಪ್ರಿಂಗುಗಳು ಹೊರುತ್ತವೆ. ಚಕ್ರವಾದರೋ ಸ್ಪ್ರಿಂಗಿನ ಕೆಳಗಿದ್ದು ರಸ್ತೆಯ ಪ್ರತಿ ಉಬ್ಬುತಗ್ಗಿಗೂ ಏರಿಳಿಯಬೇಕು. ಅದು ಹಗುರವಾದಷ್ಟೂ ಟೈರು ನೆಲ ಬಿಡದೆ ಓಡುತ್ತದೆ. ಆದರೆ ಹಗುರ ಮಾಡಲು ಹೋಗಿ ಚಕ್ರ ಮುರಿದರೆ? ಅದಕ್ಕೆಂದೇ ಅಲ್ಯೂಮಿನಿಯಂ ಮಿಶ್ರಲೋಹವನ್ನು ಎರಕ ಹೊಯ್ಯದೆ, ಕಾಯಿಸಿ, ಭಾರಿ ಯಂತ್ರದಲ್ಲಿ ಒತ್ತಿ ರೂಪಿಸಿದರು.

ಎರಡನೆಯದು 1977ರಲ್ಲಿ ಬಂದ 928 ಕಾರಿನದು. ಸಪಾಟಾದ ಮುಖ, ಸುತ್ತ ದೊಡ್ಡ ತೂತುಗಳು. ಮಾಲೀಕರು ಅದನ್ನು ‘ಟೆಲಿಫೋನ್ ಡಯಲ್’ ಎಂದು ಕರೆದರು. ಬೆರಳಿಟ್ಟು ತಿರುಗಿಸುತ್ತಿದ್ದ ಹಳೆಯ ಫೋನನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ! ಚಕ್ರ ತೀರಾ ಬೋಳು ಎಂದು ಬದಲಾಯಿಸಿಕೊಂಡವರಿದ್ದರು. ಈಗ ಕಾರನ್ನು ಮೂಲರೂಪಕ್ಕೆ ತರಲು ಹೊರಟವರು ಅದೇ ‘ಡಯಲ್’ ಹುಡುಕಿಕೊಂಡು ಅಲೆಯುತ್ತಾರೆ.

ಎಲ್ಲರೂ ಮೆಚ್ಚಿದ ಫುಕ್ಸ್ ಚಕ್ರದಲ್ಲೂ ಜಗಳ ತಪ್ಪಿಲ್ಲ. ಅಲ್ಯೂಮಿನಿಯಂ ಮಂಕಾಗದಂತೆ ಕಾರ್ಖಾನೆಯಲ್ಲೇ ಅದರ ಮೇಲೆ ವಿದ್ಯುತ್-ರಾಸಾಯನಿಕ ವಿಧಾನದಿಂದ ಗಟ್ಟಿ ಪೊರೆಯೊಂದನ್ನು ಬೆಳೆಸುತ್ತಿದ್ದರು. ಅದರ ಹೊಳಪು ಹಿತಮಿತವಾದದ್ದು. ಕನ್ನಡಿಯಂತೆ ಮಿಂಚಬೇಕೆನ್ನುವವರು ಆ ಪೊರೆಯನ್ನೇ ತೆಗೆಸಿ ಪಾಲಿಶ್ ಮಾಡಿಸುತ್ತಾರೆ. ಚಕ್ರ ಮಿಂಚುತ್ತದೆ, ನಿಜ. ಆದರೆ ಬರಿಯ ಲೋಹ ಬೇಗ ಮಂಕಾಗುವುದರಿಂದ ಮತ್ತೆ ಮತ್ತೆ ತಿಕ್ಕುತ್ತಲೇ ಇರಬೇಕು. ಮೂಲ ಮೇಲ್ಮೈಯನ್ನು ಹಾಗೇ ಉಳಿಸಿಕೊಳ್ಳಬೇಕೆನ್ನುವವರ ಕಣ್ಣಿಗೆ ಇದು ಕಾರಿನ ಚರಿತ್ರೆಯನ್ನೇ ಉಜ್ಜಿಹಾಕಿದಂತೆ. ಕಾರನ್ನು ದಿನವೂ ಓಡಿಸುವವರ ದೃಷ್ಟಿಯಿಂದಲೂ ಎರಡನೆಯ ಪಕ್ಷದ ವಾದವೇ ಹೆಚ್ಚು ಸರಿ.

ಇದು ಬರೀ ಅಭಿರುಚಿಯ ಪ್ರಶ್ನೆಯೂ ಅಲ್ಲ. ಹಳೆಯ 911 ಕೊಳ್ಳಬಂದ ಅನುಭವಿ ಗಿರಾಕಿ ಚಕ್ರ ಬಿಚ್ಚಿಸಿ, ಅದರ ಹಿಂಬದಿಯಲ್ಲಿ ಒತ್ತಿರುವ ತಯಾರಿಕೆಯ ತಿಂಗಳು, ವರ್ಷವನ್ನು ಓದುತ್ತಾನೆ. ನಾಲ್ಕರಲ್ಲಿ ಒಂದು ಕಾರಿನ ವರ್ಷಕ್ಕೆ ಹೊಂದದಿದ್ದರೂ ಬೆಲೆಯ ಚೌಕಾಸಿ ಮತ್ತೆ ಮೊದಲಿನಿಂದ ಶುರು.