ವಿಜ್ಞಾನದ ಮೇಷ್ಟರೂ ನಮ್ಮ ಮಕ್ಕಳೂ

(ಘಾಜಿಯಾಬಾದಿನ ನಮ್ಮ ಉಚಿತ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಭಾಷಣ)



ಸಾಹಿಬಾಬಾದಿನ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದವರೂ, ದೆಹಲಿಯ ಕಚೇರಿಗಳಲ್ಲಿ ವಾರವೆಲ್ಲ ಫೈಲು ನೋಡಿ ದಣಿದವರೂ ಈ ಹೊತ್ತು ಇಲ್ಲಿ ಕೂಡಿದ್ದೇವೆ. ನಮ್ಮೆಲ್ಲರ ಮನೆಗಳಲ್ಲಿಯೂ ಇರುವ ಒಂದು ಚಿಂತೆಯೆಂದರೆ ಮಕ್ಕಳ ವಿಜ್ಞಾನದ ಪಾಠ. ಅವರ ಪುಸ್ತಕ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ನಾವು ಓದಿದ್ದು ಕನ್ನಡದಲ್ಲಿ. ಅದನ್ನೂ ನಡುವೆ ಬಿಟ್ಟವರೇ ನಮ್ಮಲ್ಲಿ ಹೆಚ್ಚು. ಮಗು ಪುಸ್ತಕ ಹಿಡಿದು ಬಂದರೆ "ನಮಗೇನು ಗೊತ್ತು, ಟ್ಯೂಷನ್ ಮೇಷ್ಟರನ್ನು ಕೇಳು" ಎಂದುಬಿಡುತ್ತೇವೆ. ಸಂಬಳದಲ್ಲಿ ಒಂದು ಪಾಲು ಟ್ಯೂಷನ್ನಿಗೆ ಹೋಗುವುದು ಇರಲಿ. ಅಪ್ಪ ಅಮ್ಮನಿಗೆ ಏನೂ ಗೊತ್ತಿಲ್ಲ ಎಂದು ಮಗು ನಂಬಿಬಿಡುತ್ತದಲ್ಲ, ಆ ನಷ್ಟ ದೊಡ್ಡದು. ಹಾಗೆ ನಂಬಬೇಕಾಗಿಲ್ಲ ಎಂದು ಹೇಳುವುದಕ್ಕಾಗಿಯೇ ಇಂದು ಇಬ್ಬರು ಮೂವರ ಕೆಲಸವನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು ನಮ್ಮ ನಾಡಿನ ಮೇಷ್ಟರೊಬ್ಬರನ್ನು ನೆನೆಯೋಣ. ಎಚ್. ನರಸಿಂಹಯ್ಯನವರು ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಒಂದು ಬಡ ಮನೆಯಲ್ಲಿ. 1935ರಲ್ಲಿ ಹೈಸ್ಕೂಲು ಓದಬೇಕೆಂದು ಬೆಂಗಳೂರಿಗೆ ಹೊರಟಾಗ ಕೈಯಲ್ಲಿ ಬಸ್ಸಿನ ಹಣವಿರಲಿಲ್ಲ. ಅಷ್ಟು ದೂರವನ್ನೂ ನಡೆದೇ ಹೋದರು. ಬಡ ಹುಡುಗರ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದರು. 1936ರಲ್ಲಿ ಗಾಂಧೀಜಿಯವರು ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವರು ಈ ಹಳ್ಳಿಯ ಹುಡುಗನೇ. 1942ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆಗೆ ಹೋದರು. ಮರಳಿ ಬಂದು 1946ರಲ್ಲಿ ಭೌತವಿಜ್ಞಾನದ ಎಂ.ಎಸ್‌ಸಿ. ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಡಾಕ್ಟರ್ ಪದವಿ ಪಡೆದ ಮೇಲೂ ಅದೇ ಕಾಲೇಜಿಗೆ ಹಿಂತಿರುಗಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದವರು, ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿಯೇ ಬಾಳು ಕಳೆದರು. 2005ರಲ್ಲಿ ತೀರಿಕೊಂಡರು.

ಇದು ಬರಿಯ ಬಡತನದ ಕಥೆಯಾಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. ಅಷ್ಟು ಕಷ್ಟದಿಂದ ಪಡೆದ ವಿದ್ಯೆಯನ್ನು ಅವರು ಏನು ಮಾಡಿದರು ಎಂಬುದು ಮುಖ್ಯ. 1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಬುಧವಾರ ಬುಧವಾರ ವಿಜ್ಞಾನದ ಉಪನ್ಯಾಸ. ಯಾರು ಬೇಕಾದರೂ ಬಂದು ಕೂಡಬಹುದು, ಕಾಸು ಕೊಡಬೇಕಾಗಿಲ್ಲ. ಪ್ರಶ್ನೆ ಕೇಳುವ ಹಕ್ಕಿಗೆ ಪದವಿ ಬೇಕಿಲ್ಲ ಎಂಬುದು ಅವರ ನಿಲುವು. 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಿ ನೋಡಬೇಕೆಂದು ಸಮಿತಿ ನೇಮಿಸಿ ದೊಡ್ಡವರ ಸಿಟ್ಟಿಗೂ ಗುರಿಯಾದರು. ನಿಲುವನ್ನು ಮಾತ್ರ ಬಿಡಲಿಲ್ಲ.

ಇನ್ನು ನಾವೀಗ ಬದುಕುತ್ತಿರುವ ಈ ಉತ್ತರದ ಸೀಮೆಗೆ ಬರೋಣ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅದನ್ನು ಕೈಗೆತ್ತಿಕೊಂಡವು. ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರು ಅಲ್ಲಿಗೆ ಹೋಗಿ ಹಳ್ಳಿಯ ಮೇಷ್ಟರುಗಳೊಡನೆ ಕುಳಿತು ಪಾಠಗಳನ್ನು ಸಿದ್ಧಪಡಿಸಿದರು. ತರಗತಿಯಲ್ಲಿ ನಾಲ್ಕು ನಾಲ್ಕು ಮಕ್ಕಳ ಒಂದೊಂದು ಟೋಳಿ. ಮೇಷ್ಟರು ಮೊದಲೇ ಉತ್ತರ ಹೇಳುವಂತಿಲ್ಲ. ಮಕ್ಕಳೇ ಮಾಡಿ ನೋಡಬೇಕು, ತಮ್ಮೊಳಗೆ ವಾದಿಸಬೇಕು, ಕಂಡದ್ದನ್ನು ಬರೆಯಬೇಕು. ಪರೀಕ್ಷೆಗೆ ಪುಸ್ತಕವನ್ನು ಜೊತೆಗೆ ಒಯ್ಯಬಹುದು; ಬಾಯಿಪಾಠಕ್ಕೆ ಅಲ್ಲಿ ಬೆಲೆಯಿಲ್ಲ. 1978ರಲ್ಲಿ ಇದು ಇಡೀ ಜಿಲ್ಲೆಗೆ ಹರಡಿತು. 2002ರಲ್ಲಿ ಸರಕಾರ ಇದನ್ನು ನಿಲ್ಲಿಸಿಬಿಟ್ಟಿತು. ಒಳ್ಳೆಯ ಕೆಲಸವೂ ಬೇಕೆನ್ನುವವರ ಕೈ ಸಡಿಲವಾದರೆ ನಿಲ್ಲಬಹುದು ಎಂಬುದನ್ನೂ ಇದರಿಂದ ತಿಳಿಯಬೇಕು.

ಆ ಪ್ರಯೋಗಕ್ಕೆ 1978ರಲ್ಲಿ ಹೋಗಿ ಸೇರಿದವರಲ್ಲಿ ಅರವಿಂದ ಗುಪ್ತಾ ಒಬ್ಬರು. ಹುಟ್ಟಿದ್ದು ಇದೇ ಉತ್ತರ ಪ್ರದೇಶದ ಬರೇಲಿಯಲ್ಲಿ, ಓದಿದ್ದು ಕಾನ್ಪುರದ ಐ.ಐ.ಟಿ.ಯಲ್ಲಿ. ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಅವರು ಮಕ್ಕಳಿಗೆ ಆಕೃತಿಗಳನ್ನು ಕಟ್ಟಲು ಕಲಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಆ ಆಟ ಇಲ್ಲಿಯೇ ಮೇಜಿನ ಮೇಲಿದೆ, ನೋಡಿ. ಮದ್ದನ್ನು ಕೆರೆದು ತೆಗೆದ ಮೂರು ಕಡ್ಡಿಗಳನ್ನು ಟ್ಯೂಬಿನ ತುಂಡುಗಳಿಗೆ ಸಿಕ್ಕಿಸಿ ತ್ರಿಕೋನ ಮಾಡಿದ್ದೇವೆ. ಬೆರಳಿನಿಂದ ಒತ್ತಿದರೂ ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಗಳ ಈ ಚೌಕ ನೋಡಿ. ಸ್ವಲ್ಪ ಒತ್ತಿದರೆ ಓರೆಯಾಗಿ ಬಿದ್ದುಹೋಗುತ್ತದೆ. ಮೂಲೆಯಿಂದ ಮೂಲೆಗೆ ಒಂದು ಪೊರಕೆ ಕಡ್ಡಿ ಕಟ್ಟಿದರೆ ಮತ್ತೆ ನಿಲ್ಲುತ್ತದೆ. ಏಕೆ? ಚೌಕ ಈಗ ಎರಡು ತ್ರಿಕೋನಗಳಾಯಿತು. ಮೂರು ಬದಿಗಳ ಉದ್ದ ಗೊತ್ತಾದರೆ ತ್ರಿಕೋನದ ಆಕಾರ ಒಂದೇ. ನಾಲ್ಕು ಬದಿಗಳಿಗೆ ಆ ಕಟ್ಟು ಇಲ್ಲ.

ಈಗ ಇಲ್ಲಿರುವ ವೆಲ್ಡರ್ ಅಣ್ಣಂದಿರನ್ನು ಕೇಳುತ್ತೇವೆ: ಶೆಡ್ಡಿನ ಛಾವಣಿಗೆ ಓರೆ ಪಟ್ಟಿ ಏಕೆ ಹಾಕುತ್ತೀರಿ? ಹಾಕದಿದ್ದರೆ ಗಾಳಿಗೆ ವಾಲುತ್ತದೆ ಎಂದು ನಿಮ್ಮ ಕೈಗೆ ಗೊತ್ತು. ಯಮುನೆಯ ಹಳೆಯ ಕಬ್ಬಿಣದ ಸೇತುವೆಯನ್ನು ರೈಲಿನಲ್ಲಿ ದಾಟಿದವರು ಅದರ ಓರೆ ಪಟ್ಟಿಗಳನ್ನು ನೋಡಿಯೇ ಇದ್ದೀರಿ. ಮಗುವಿನ ಪುಸ್ತಕದ ತ್ರಿಕೋನವೂ ನೀವು ಬೆಸುಗೆ ಹಾಕಿದ ತ್ರಿಕೋನವೂ ಒಂದೇ. ಪುಸ್ತಕದ ಮಾತನ್ನು ಮಗು ಹೇಳಲಿ, ಕೆಲಸದ ಮಾತನ್ನು ನೀವು ಹೇಳಿ. ಇಬ್ಬರೂ ಕೂಡಿದರೆ ಪಾಠ ಪೂರ್ತಿಯಾಗುತ್ತದೆ. ಅಡಿಗೆಮನೆಯ ಕುಕ್ಕರು, ಹಿಟ್ಟು ಹುದುಗುವುದು, ಬೆರಳಿಟ್ಟು ನೀರಳೆಯುವುದು, ಇವುಗಳಲ್ಲಿ ನಮ್ಮ ಅಕ್ಕತಂಗಿಯರು ಯಾವ ಮೇಷ್ಟರಿಗೂ ಕಡಮೆಯಲ್ಲ.

ಆದುದರಿಂದ ನಮ್ಮ ಸೂಚನೆ ಇದು. ಪ್ರತಿ ಭಾನುವಾರ ಒಂದು ಗಂಟೆ ಇದೇ ವಾಚನಾಲಯದಲ್ಲಿ ಮಕ್ಕಳ ವಿಜ್ಞಾನ ಕೂಟ ನಡೆಯಲಿ. ಒಂದು ಚಾಪೆಗೆ ನಾಲ್ಕು ಮಕ್ಕಳು, ಒಬ್ಬ ದೊಡ್ಡವರು. ಮಾತು ಹಿಂದಿಯಲ್ಲಿಯಾದರೂ ಆಗಲಿ, ಕನ್ನಡದಲ್ಲಿಯಾದರೂ ಆಗಲಿ. ಎರಡೂ ಬೆರೆತರೆ ಮತ್ತೂ ಒಳ್ಳೆಯದು, ಅದರಿಂದ ಮಕ್ಕಳ ಕನ್ನಡವೂ ಉಳಿಯುತ್ತದೆ. ದೊಡ್ಡವರಿಗೆ ನಿಯಮ ಒಂದೇ: ಗೊತ್ತಿಲ್ಲದುದನ್ನು "ನನಗೂ ಗೊತ್ತಿಲ್ಲ, ಬಾ ನೋಡೋಣ" ಎಂದು ಹೇಳಬೇಕು. ಇದರಿಂದ ಪರೀಕ್ಷೆಯ ಅಂಕಗಳು ಕೂಡಲೆ ಏರುತ್ತವೆ ಎಂದು ನಾವು ಭರವಸೆ ಕೊಡಲಾರೆವು. ದೊಡ್ಡ ತರಗತಿಗಳಿಗೆ ಮೇಷ್ಟರು ಬೇಕೇ ಬೇಕು. ಆದರೆ ಮೇಷ್ಟರ ಮುಂದೆ ಬಾಯಿಬಿಟ್ಟು ಪ್ರಶ್ನೆ ಕೇಳುವ ಧೈರ್ಯವನ್ನು ಮಗು ನಮ್ಮ ಮಗ್ಗುಲಲ್ಲಿ ಕುಳಿತು ಕಲಿಯಬಹುದು.

ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಮೊದಲ ಕೂಟ. ಒಂದು ಬೆಂಕಿಪೊಟ್ಟಣ, ಒಂದು ಗಜ ವಾಲ್ವ್ ಟ್ಯೂಬು, ಒಂದು ನೋಟುಬುಕ್ಕು ತನ್ನಿ. ಮಕ್ಕಳನ್ನು ಕರೆತಂದು ಬಾಗಿಲಲ್ಲಿ ಬಿಟ್ಟು ಹೋಗಬೇಡಿ. ನೀವೂ ಒಳಗೆ ಬಂದು ಚಾಪೆಯ ಮೇಲೆ ಕುಳಿತುಕೊಳ್ಳಿ.