ಎರೆ ಹೊಲ ಬಾಯಿ ತೆರೆದಾಗ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನಾನು ಸಾಹಿತಿಯಲ್ಲ. ಸರ್ಕಾರಿ ಇಂಜಿನಿಯರಾಗಿ ಕಾಲುವೆ ಅಳೆದು, ಅಳತೆ ಪುಸ್ತಕ ಬರೆದು ನಿವೃತ್ತನಾದವನು. ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ನಿಸರ್ಗದ ಮೇಲೆ ಪದ್ಯ ಬರೆಯಲು ಕಲಿಸಿರೆಂದು ಪೂಜ್ಯರ ಅಪ್ಪಣೆಯಾಯಿತು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನೇ ಇಂದು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲ ದಿನ ಮಕ್ಕಳೆಲ್ಲ ಹಸಿರು ವನಸಿರಿ, ಜುಳುಜುಳು ನದಿ ಎಂದು ಬರೆದರು. ಹೊರಗೆ ಏಪ್ರಿಲ್ ಬಿಸಿಲು, ಹಳ್ಳ ಒಣಗಿತ್ತು. ಅವರು ಬರೆದದ್ದು ಪುಸ್ತಕದ ನಿಸರ್ಗ.

ಮರುದಿನ ಬೇವಿನ ಮರದ ಕೆಳಗೆ ಕೂರಿಸಿದೆ. ನೋಟ್‌ಬುಕ್ಕಿನಲ್ಲಿ 5 ಕಾಲಂ ಹಾಕಿಸಿದೆ: ಕಂಡದ್ದು, ಕೇಳಿದ್ದು, ಮೂಸಿದ್ದು, ಮುಟ್ಟಿದ್ದು, ಸವಿದದ್ದು. 10 ನಿಮಿಷ ಕಣ್ಣು ಮುಚ್ಚಿ ಕೂತು ಆಮೇಲೆ ಬರೆಯಬೇಕು. 'ಸುಂದರ', 'ಮನೋಹರ' ಎಂಬ ಮಾತು ಬೇಡ ಎಂದೆ. ಒಬ್ಬ ಹುಡುಗ ಬೇವಿನ ಹೂವನ್ನು ನಾಲಿಗೆಗಿಟ್ಟು ಮುಖ ಕಿವುಚಿದ. ಆ ಕಹಿ ಅವನ ಪದ್ಯದೊಳಗೆ ಬಂತು.

ರೈತರ ಮನೆಯ ಹುಡುಗಿಯೊಬ್ಬಳು ಬರೆದಳು: "ಎರಿ ಹೊಲ ಬಾಯಿ ತೆರದೈತಿ, ಮಳಿ ಕುಡದ್ರ ಮುಚ್ಚತೈತಿ." ನಾನು ಕೆಂಪು ಪೆನ್ನಿನಿಂದ 'ಎರಿ'ಯನ್ನು 'ಭೂಮಾತೆ' ಮಾಡಿದೆ, 'ಮಳಿ'ಯನ್ನು 'ವರ್ಷಧಾರೆ' ಮಾಡಿದೆ. ಅವಳು ನೋಡಿ, "ಇದು ನಮ್ಮ ಹೊಲ ಅಲ್ರೀ, ಅಜ್ಜಾರ" ಎಂದಳು. ಮುಂದೆ ಎರಡು ದಿನ ಶಿಬಿರಕ್ಕೆ ಬರಲಿಲ್ಲ.

ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಎರೆಮಣ್ಣು ಒಣಗಿದರೆ ಕುಗ್ಗಿ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ಕಾಲುವೆಯ ಕಾಂಕ್ರೀಟ್ ಒಡೆಯುವುದು ಇದರಿಂದಲೇ; ಅದಕ್ಕೇ ನಾವು ನಡುವೆ ಉಬ್ಬದ ಮಣ್ಣಿನ ಪದರ ಹಾಕುತ್ತೇವೆ. ನಾನು ಪುಟಗಟ್ಟಲೆ ಬರೆದ ವರದಿಯನ್ನು ಆ ಮಗು ಬರಿಗಾಲಲ್ಲಿ ತುಳಿದು ತಿಳಿದು, ಒಂದೇ ಸಾಲಿನಲ್ಲಿ ಹೇಳಿತ್ತು.

ಶರಣರು ಹನ್ನೆರಡನೆಯ ಶತಮಾನದಲ್ಲಿ ಮಾಡಿದ್ದೇನು? ಪಂಡಿತರ ಭಾಷೆ ಬಿಟ್ಟು ಜನರ ಕನ್ನಡದಲ್ಲಿ ನುಡಿದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸುತ್ತ, ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತ ಕಂಡುಕೊಂಡದ್ದೇ ಅನುಭಾವವಾಯಿತು. ಅವರ ಹೆಸರು ಹೇಳುವ ನಾನೇ ಒಂದು ಮಗುವಿನ ನುಡಿಯನ್ನು ಅಳಿಸಿದ್ದೆ!

ನಮ್ಮ ಷಟ್‌ಸ್ಥಲ ಇಂದ್ರಿಯಗಳನ್ನು ಶತ್ರು ಎನ್ನುವುದಿಲ್ಲ. ಮೂಗಿನ ಗಂಧ ಆಚಾರಲಿಂಗಕ್ಕೆ, ನಾಲಿಗೆಯ ರುಚಿ ಗುರುಲಿಂಗಕ್ಕೆ, ಕಣ್ಣಿನ ರೂಪ ಶಿವಲಿಂಗಕ್ಕೆ, ಚರ್ಮದ ಸ್ಪರ್ಶ ಜಂಗಮಲಿಂಗಕ್ಕೆ, ಕಿವಿಯ ಶಬ್ದ ಪ್ರಸಾದಲಿಂಗಕ್ಕೆ, ಹೃದಯದ ತೃಪ್ತಿ ಮಹಾಲಿಂಗಕ್ಕೆ ಅರ್ಪಿತ. ಅರ್ಪಿಸಬೇಕಾದರೆ ಮೊದಲು ಉಂಡಿರಬೇಕು, ಮೂಸಿರಬೇಕು, ಮುಟ್ಟಿರಬೇಕು. ಮಕ್ಕಳ 5 ಕಾಲಂ ಈ ದಾರಿಯ ಮೊದಲ ಮೆಟ್ಟಿಲು.

ಮೂರನೆಯ ದಿನ ಅವಳ ಮನೆಗೆ ಹೋಗಿ, "ತಪ್ಪಾತವ್ವಾ" ಎಂದು ನನ್ನ ಕೆಂಪು ಶಾಯಿಯನ್ನು ನಾನೇ ಹೊಡೆದುಹಾಕಿದೆ. ಸಮಾರೋಪದಲ್ಲಿ ಅವಳು ತನ್ನ ಪದ್ಯವನ್ನು ತನ್ನ ಮಾತಿನಲ್ಲೇ ಓದಿದಳು.

ವಚನ ಕಂಠಪಾಠ ಸ್ಪರ್ಧೆಗಳು ನಡೆಯಲಿ, ಬಹುಮಾನ ಕೊಡೋಣ. ಆದರೆ ತಿಂಗಳಿಗೊಮ್ಮೆಯಾದರೂ ಮಕ್ಕಳನ್ನು ಹೊಲಕ್ಕೆ, ಹಳ್ಳಕ್ಕೆ ಕರೆದೊಯ್ಯಿರಿ. ಅವರು ಬರೆದದ್ದನ್ನು ತಿದ್ದುವ ಮೊದಲು, "ಇದನ್ನ ಎಲ್ಲಿ ಕಂಡಿ?" ಎಂದು ಕೇಳಿರಿ. ಉತ್ತರ ಇದ್ದರೆ ಪೆನ್ನು ಜೇಬಿನಲ್ಲೇ ಇರಲಿ.