ಮಗುವಿನ ಆಲೋಚನೆಯಷ್ಟೇ ಬದಲಾದರೆ ಸಾಕೇ?

(ಹೆತ್ತವರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಹನ್ನೆರಡು ವರ್ಷದ ಬಾಲಕನೊಬ್ಬ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವೆಂದು ಮುದುಡಿ ಮಲಗುತ್ತಾನೆ. ರವಿವಾರ ಆ ನೋವಿಲ್ಲ. ಸೋಮವಾರ ಅದು ಮತ್ತೆ ಹಾಜರು. ನಾವೇನು ಮಾಡುತ್ತೇವೆ? ಸೋಮಾರಿಯೆಂದು ಗದರಿಸುತ್ತೇವೆ. ಸಹಪಾಠಿಗಳು ಪೀಡಿಸುತ್ತಾರೆಂದು ಆತ ಬಾಯಿಬಿಟ್ಟರೆ, 'ಇಷ್ಟಕ್ಕೆಲ್ಲ ಅಳುವುದೇ? ಮಕ್ಕಳಾಟ, ಮರೆತುಬಿಡು' ಎನ್ನುತ್ತೇವೆ. ಅಲ್ಲಿಗೆ ಆ ಮಗು ನಮ್ಮೊಡನೆ ಮಾತು ನಿಲ್ಲಿಸುತ್ತದೆ.

ಅದು ಮಕ್ಕಳಾಟವಲ್ಲ ಎಂಬುದನ್ನು ನಾರ್ವೆ ದೇಶವು ಭಾರೀ ಬೆಲೆ ತೆತ್ತು ಕಲಿಯಿತು. 1982ರ ಕೊನೆಯಲ್ಲಿ ಅಲ್ಲಿನ ಉತ್ತರ ಭಾಗದಲ್ಲಿ ಎಳೆಹರೆಯದ ಮೂವರು ಬಾಲಕರು ಪ್ರಾಣ ಕಳೆದುಕೊಂಡರು. ಸಹಪಾಠಿಗಳ ತೀವ್ರ ಕಿರುಕುಳವೇ ಕಾರಣವಾಗಿರಬೇಕೆಂಬ ವರದಿ ಇಡೀ ದೇಶವನ್ನು ಕಲಕಿತು. 1983ರಲ್ಲಿ ಸರಕಾರವು ರಾಷ್ಟ್ರವ್ಯಾಪಿ ಅಭಿಯಾನ ಕೈಗೊಂಡಿತು. ಅದರ ಹಿಂದಿದ್ದ ಮನಃಶಾಸ್ತ್ರಜ್ಞ ಡಾನ್ ಓಲ್ವೇಯಸ್, ಕಿರುಕುಳಕ್ಕೆ ಮೂರು ಗುರುತುಗಳನ್ನು ಹೇಳಿದ್ದಾರೆ: ನೋಯಿಸುವ ಉದ್ದೇಶ, ಪದೇ ಪದೇ ನಡೆಯುವಿಕೆ ಮತ್ತು ಬಲದ ಅಸಮತೋಲನ. ಜಗಳದಲ್ಲಿ ಇಬ್ಬರು ಸಮಬಲರಿರುತ್ತಾರೆ. ಕಿರುಕುಳದಲ್ಲಿ ಒಬ್ಬನಿಗೆ ತಿರುಗಿ ನಿಲ್ಲುವ ಶಕ್ತಿಯೇ ಇರುವುದಿಲ್ಲ.

ಇಂಥ ಮಕ್ಕಳಿಗೆ ಆಪ್ತ ಸಮಾಲೋಚಕರು ಇಂದು ಬಳಸುವ ವಿಧಾನಗಳಲ್ಲಿ ಪ್ರಮುಖವಾದುದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಅರಿವು-ವರ್ತನಾ ಚಿಕಿತ್ಸೆ. ಅಮೇರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇದಕ್ಕೆ ತಳಹದಿ ಹಾಕಿದರು. ಘಟನೆಯ ಜೊತೆಗೆ, ಆ ಘಟನೆಗೆ ನಾವು ಕೊಡುವ ಅರ್ಥವೂ ನಮ್ಮ ಭಾವನೆಯನ್ನು ರೂಪಿಸುತ್ತದೆ ಎಂಬುದು ಇದರ ತಿರುಳು.

ಒಂದು ಉದಾಹರಣೆ ನೋಡೋಣ. ತೊದಲುವ ಬಾಲಕಿಯೊಬ್ಬಳನ್ನು ನಾಲ್ವರು ದಿನವೂ ಅಣಕಿಸುತ್ತಾರೆ. ಕ್ರಮೇಣ ಆಕೆ, 'ನಾನು ನಿಷ್ಪ್ರಯೋಜಕಿ, ನನ್ನನ್ನು ಯಾರೂ ಇಷ್ಟಪಡುವುದಿಲ್ಲ' ಎಂಬ ತೀರ್ಮಾನಕ್ಕೆ ಬರುತ್ತಾಳೆ. ಸಮಾಲೋಚಕರು ಆಕೆಗೆ ಉಪದೇಶ ಮಾಡುವುದಿಲ್ಲ. ನಡೆದದ್ದೇನು, ಆಗ ಮನಸ್ಸಿಗೆ ಬಂದ ಮಾತೇನು, ಆದ ಭಾವನೆಯೇನು ಎಂಬುದನ್ನು ಬರೆಸುತ್ತಾರೆ. 'ಯಾರೂ' ಎಂದರೆ ತರಗತಿಯ ಎಲ್ಲರೂ ಸೇರಿದರೇ? ನಿನ್ನೊಡನೆ ಊಟಕ್ಕೆ ಕೂರುವ ಗೆಳತಿ? ಎಂದು ಪ್ರಶ್ನಿಸುತ್ತಾರೆ. ಸಾಕ್ಷ್ಯಗಳನ್ನು ಆಕೆಯೇ ತೂಗುತ್ತಾಳೆ. ಬಳಿಕ ಚಿಕ್ಕ ಹೆಜ್ಜೆಗಳು: ಒಬ್ಬಳೊಡನೆ ಮಾತು, ತರಗತಿಯಲ್ಲಿ ಒಂದು ಪ್ರಶ್ನೆ, ನಂಬಿಕಸ್ಥ ಹಿರಿಯರಿಗೆ ವಿಷಯ ತಿಳಿಸುವ ಅಭ್ಯಾಸ. ಯಾಕೆಂದರೆ, ಅಡಗಿ ಕುಳಿತಾಗ ಸಿಗುವ ಕ್ಷಣದ ನೆಮ್ಮದಿಯೇ ನಾಳಿನ ಭಯವನ್ನು ಹೆಚ್ಚಿಸುತ್ತದೆ.

ಆದರೆ, ಇಲ್ಲೊಂದು ಅಪಾಯವಿದೆ. 'ನಾನು ನಿಷ್ಪ್ರಯೋಜಕಿ' ಎಂಬುದು ತಪ್ಪು ಆಲೋಚನೆ, ನಿಜ. 'ನಾಳೆಯೂ ಅವರು ನನ್ನನ್ನು ಅಣಕಿಸುತ್ತಾರೆ' ಎಂಬುದು? ಅದು ಭ್ರಮೆಯಲ್ಲ, ವಾಸ್ತವ. ಇವೆರಡರ ವ್ಯತ್ಯಾಸವನ್ನು ಅರಿಯದ ಸಮಾಲೋಚನೆಯು, 'ಸಮಸ್ಯೆ ನಿನ್ನ ತಲೆಯಲ್ಲಿದೆ' ಎಂದು ಆ ಮಗುವಿಗೆ ಎರಡನೇ ಗಾಯ ಮಾಡುತ್ತದೆ. ಮಗುವಿನ ಮನಸ್ಸನ್ನು ದುರಸ್ತಿ ಮಾಡಿ ಮತ್ತದೇ ತರಗತಿಗೆ ಕಳುಹಿಸುವುದು ಚಿಕಿತ್ಸೆಯೇ? ಮಗು ತನ್ನ ಬಗ್ಗೆ ತಾನು ನೀಡಿದ ತೀರ್ಪನ್ನು ಸಮಾಲೋಚಕರು ಸರಿಪಡಿಸಬಹುದು. ಕಿರುಕುಳವನ್ನು ನಿಲ್ಲಿಸಬೇಕಾದವರು ನಾವು.

ಅದು ಸಾಧ್ಯವೆಂಬುದಕ್ಕೂ ನಾರ್ವೆಯೇ ಸಾಕ್ಷಿ. ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ವಿದ್ಯಾರ್ಥಿಗಳ ಮೇಲೆ ಓಲ್ವೇಯಸ್ ನಡೆಸಿದ ಅಧ್ಯಯನದಲ್ಲಿ ಕಿರುಕುಳವು ಅರ್ಧದಷ್ಟು ಇಳಿದುದು ಕಂಡುಬಂತು. ಅಲ್ಲಿ ಮಾಡಿದ್ದೇನು? ಬಿಡುವಿನ ವೇಳೆ ಹಿರಿಯರ ನಿಗಾ, ತರಗತಿಯಲ್ಲಿ ಸ್ಪಷ್ಟ ನಿಯಮ, ಪೀಡಿಸಿದವರೊಡನೆ ಮತ್ತು ಅವರ ಹೆತ್ತವರೊಡನೆ ಗಂಭೀರ ಮಾತುಕತೆ. ಅಷ್ಟೇ. ಫಿನ್ಲೆಂಡಿನ ಸಂಶೋಧಕಿ ಕ್ರಿಸ್ಟೀನಾ ಸಲ್ಮಿವಲ್ಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುತ್ತ ನಿಂತು ನೋಡುವವರತ್ತ ಬೆರಳು ತೋರಿಸಿದರು. ಅವರ ನಗುವೇ ಪೀಡಕನ ಬಲ.

ನಾವೂ ಆ ಸುತ್ತ ನಿಂತವರೇ. ನಾವು ಕಲಿತ ವಸತಿ ಶಾಲೆಯಲ್ಲಿ ತೊದಲುವ ಸಹಪಾಠಿಯೊಬ್ಬನಿದ್ದ. ಅವನಿಗೊಂದು ಅಡ್ಡಹೆಸರಿತ್ತು. ಅದನ್ನು ಇಟ್ಟವರು ನಾವಲ್ಲ. ಆದರೆ, ಪ್ರತಿ ಬಾರಿಯೂ ನಕ್ಕವರಲ್ಲಿ ನಾವಿದ್ದೆವು. ವರ್ಷದ ನಡುವೆ ಆತ ಹಾಸಿಗೆ ಕಟ್ಟಿಕೊಂಡು ಊರಿಗೆ ಹೋದವನು ಮರಳಿ ಬರಲಿಲ್ಲ. ಯಾಕೆಂದು ಉಸ್ತಾದರು ಕೇಳಿದಾಗ ನಾವೆಲ್ಲ ತಲೆ ತಗ್ಗಿಸಿ ಕುಳಿತಿದ್ದೆವು. ಇಂದು ಈ ವಿಷಯದಲ್ಲಿ ಮಾತಾಡುವಾಗಲೂ ಆ ಖಾಲಿ ಜಾಗ ಕಣ್ಣ ಮುಂದಿದೆ.

ಆದ್ದರಿಂದ ಬಂಧುಗಳೇ, ಮಗು ಹೇಳಿದ್ದನ್ನು ಮೊದಲು ನಂಬೋಣ. ದಿನಾಂಕ, ಸ್ಥಳ ಬರೆದುಕೊಂಡು ಶಾಲೆಯೊಡನೆ ಮಾತಾಡೋಣ. ನಿದ್ದೆ, ಊಟ, ಓದು ಕೆಟ್ಟಿದ್ದರೆ ತರಬೇತಿ ಪಡೆದ ಸಮಾಲೋಚಕರ ಬಳಿ ಕರೆದೊಯ್ಯಲು ನಾಚಿಕೆ ಬೇಡ. ಬದುಕುವುದೇ ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯದೆ ವೈದ್ಯರ ನೆರವು ಪಡೆಯಬೇಕು. 2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದೆ.

ಜೊತೆಗೆ, ನಮ್ಮ ಮಗು ಪೀಡಿತನೇ ಎಂದು ಕೇಳುವಷ್ಟೇ ಕಾಳಜಿಯಿಂದ, ಅದು ಪೀಡಕನೇ, ನಿಂತು ನಕ್ಕವನೇ ಎಂದೂ ವಿಚಾರಿಸೋಣ. ಈ ಪ್ರಶ್ನೆ ಕಹಿಯಾದುದು. ಆದರೆ, ಅದನ್ನು ನಾವು ಕೇಳದೇ ಹೋದರೆ ಇನ್ನೊಬ್ಬರ ಮಗು ಅದರ ಬೆಲೆ ತೆರುತ್ತದೆ.